ಹೊನ್ನೂರಪ್ಪ ನೋಡದ ಕೊನೆಗಳು

ಕರ್ನೂಲು ಜಿಲ್ಲೆಯ ಆಲೂರಿನಿಂದ ಆರು ಮೈಲಿ ಒಳಗಿರುವ ಆ ಕನ್ನಡದ ಊರಿನಲ್ಲಿ ಹಾಲಿವುಡ್ ಸಿನಿಮಾದ ವಿಷಯ ಬಂದರೆ ಕುರಿ ಹೊನ್ನೂರಪ್ಪನ ಮಾತೇ ಮಾತು. ನಗಬೇಡಿ. ಅರವತ್ತೆರಡು ವರ್ಷದ ಮನುಷ್ಯ, ಹೆಗಲ ಮೇಲೆ ಕಂಬಳಿ, ಇಂಗ್ಲಿಷಿನಲ್ಲಿ ಟಿಕೆಟ್ಟು, ಇಂಟರ್‌ವಲ್ಲು ಬಿಟ್ಟು ಮೂರನೆಯ ಶಬ್ದ ಗೊತ್ತಿಲ್ಲ, ಎಲ್ಲ ನಿಜ. ಆದರೆ ಅವನು ಇಪ್ಪತ್ತು ವರ್ಷದಲ್ಲಿ ನೋಡಿದಷ್ಟು ಇಂಗ್ಲಿಷ್ ಸಿನಿಮಾ ಆ ಸೀಮೆಯಲ್ಲಿ ಡಿಗ್ರಿ ಮುಗಿಸಿದವರೂ ನೋಡಿರಲಿಲ್ಲ.

ಹಾಗಂತ ಅವನಿಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ. ಸಂತೆಯ ದಿನ ಆದೋನಿಗೆ ಟಗರು ತೆಗೆದುಕೊಂಡು ಹೋದರೆ ಹನ್ನೆರಡಕ್ಕೆಲ್ಲ ವ್ಯಾಪಾರ ಮುಗಿಯುತ್ತಿತ್ತು. ಊರಿಗೆ ಬರುವ ಬಸ್ಸು ನಾಲ್ಕೂವರೆಗೆ. ನಡುವಿನ ಬಿಸಿಲನ್ನು ಎಲ್ಲಿ ಕಳೆಯಬೇಕು? ಥಿಯೇಟರಿನಲ್ಲಿ ಫ್ಯಾನಿದೆ, ಕುರ್ಚಿಯಿದೆ, ಯಾರೂ ಎಬ್ಬಿಸುವುದಿಲ್ಲ. ತೆಲುಗು ಸಿನಿಮಾ ಮೂರು ತಾಸು ಎಳೆಯುತ್ತದೆ. ತೆಲುಗಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ ಎರಡು ತಾಸಿನಲ್ಲಿ ಮುಗಿಯುತ್ತದೆ. ಬಸ್ಸಿನ ಹೊತ್ತಿಗೆ ಹೊಂದಬೇಕಿತ್ತು, ಹೊಂದಲಿಲ್ಲ. ಆಟ ಎರಡೂವರೆಗೆ, ಅದರಲ್ಲಿ ಸಿಗರೇಟು ಸೇದಬೇಡಿರೆಂಬ ಬುದ್ಧಿವಾದ, ಸೀರೆ ಅಂಗಡಿಯ ಜಾಹೀರಾತು, ಇಂಟರ್‌ವಲ್ಲು. ನಾಲ್ಕೂಕಾಲಿಗೆ ಪರದೆಯ ಮೇಲೆ ಭೂಮಂಡಲ ಇನ್ನೇನು ಹೊತ್ತಿಕೊಳ್ಳಬೇಕು ಅನ್ನುವಾಗ ಹೊನ್ನೂರಪ್ಪ ಕಂಬಳಿ ಕೊಡವಿ ಎದ್ದು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಹಾಲಿವುಡ್ ಸಿನಿಮಾದ ಕೊನೆಯನ್ನು ಅವನು ಕಣ್ಣಾರೆ ಕಂಡಿರಲಿಲ್ಲ.

ಇದನ್ನು ಊರಿಗೆ ಹೇಳುವುದು ಹೇಗೆ? ಬಸ್ಸಿಳಿದ ಕೂಡಲೇ ಚಹಾದಂಗಡಿಯ ಮುಂದೆ ಕೂತವರು ಕೇಳುವುದೇ "ಕೊನಿಗೇನಾತಪಾ?" ಅಂತ. ಹೀಗಾಗಿ ಆದೋನಿ ಬಿಟ್ಟಾಗಿನಿಂದ ಕಿಟಕಿಗೆ ತಲೆಯಾನಿಸಿಕೊಂಡು, ಊರು ಬರುವಷ್ಟರಲ್ಲಿ ತಾನೇ ಒಂದು ಕೊನೆ ಕಟ್ಟಿಕೊಂಡು ಇಳಿಯುತ್ತಿದ್ದ.

ಕೊನೆ ಸ್ವಂತದ್ದಾದರೂ ಅಭಿಪ್ರಾಯಗಳು ನೋಡಿದ್ದರ ಮೇಲೆಯೇ ನಿಂತಿದ್ದವು. ಸಿನಿಮಾದ ಈ ಬಿಳಿ ದೊರೆಗಳು ಯಾರೂ ಉಣ್ಣುವುದಿಲ್ಲ ಎಂಬುದು ಮೊದಲನೆಯ ದೂರು. ಪ್ರಳಯವೇ ಬರಲಿ, ಒಬ್ಬರು ಇನ್ನೊಬ್ಬರನ್ನು "ಉಂಡ್ರೇನು?" ಎಂದು ಕೇಳಬಾರದೇ? ಮನೆ ಹೊತ್ತಿ ಉರಿದರೂ ಒಬ್ಬ ಸೋದರಮಾವ ಬರುವುದಿಲ್ಲ, ಎಲ್ಲ ಬಿಡಾಡಿ ಬದುಕು. ಎಲ್ಲರೂ ಮಾತಾಡುವುದು ಕೋಸ್ತಾ ಕಡೆಯ, ಅಂದರೆ ಕರಾವಳಿಯ ತೆಲುಗು, ಒಬ್ಬ ದೊರೆಯೂ ಕರ್ನೂಲು ದಾಟಿ ಈಚೆ ಬಂದವನಲ್ಲ. ಆಕಾಶದಿಂದ ಏನು ಬಿದ್ದರೂ ಅದೇ ಒಂದು ಊರಿನ ಮೇಲೆ ಬೀಳುತ್ತದೆ, ಆದರೂ ಮತ್ತೆ ಅಲ್ಲೇ ಕಟ್ಟುತ್ತಾರೆ. "ಊರು ಬದಲಿ ಮಾಡ್ರೋ ಅಂತ ಹೇಳೋ ಒಬ್ಬ ಹಿರೇ ಮನಷ್ಯಾ ಇಲ್ಲಲ್ಲೋ ಅಲ್ಲಿ!" ಎಂದು ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅವನಿಗೆ ತೀರ ಸಿಟ್ಟು ಬರುತ್ತಿದ್ದುದು ಬೇರೆ ಗ್ರಹದಿಂದ ಬರುವವರನ್ನು ನಡೆಸಿಕೊಳ್ಳುವ ರೀತಿಗೆ. "ಅಲ್ಲಪಾ, ಅವು ಯಾಕ ಬರ್ತಾವ? ಅವುಗಳ ಕಡಿ ಮೇವಿಲ್ಲ, ಬರ್ತಾವ. ಬ್ಯಾಸಗ್ಯಾಗ ನಾವು ಕುರಿ ಹೊಡಕೊಂಡು ತುಂಗಭದ್ರಿ ಕಡಿ ಹೋಗೂದಿಲ್ಲೇನು? ನಮಗ್ಯಾರರೆ ತೋಪು ಹಾರಿಸ್ಯಾರೇನು? ಹೊಲದಾಗ ನಾಕು ದಿನ ಕುರಿಮಂದಿ ನಿಲ್ಲಸ್ರಿ ಅಂತ ಕಾಳು ಕೊಡ್ತಾರ, ಗೊಬ್ಬರ ಆಕ್ಕೈತಿ ಅಂತ. ಅಷ್ಟು ದೊಡ್ಡ ಪ್ರಾಣಿ! ಅದರ ಗೊಬ್ಬರ ಎಷ್ಟಿದ್ದೀತು? ಬುದ್ಧಿ ಬೇಕಲ್ಲ!" ಎಂದು ಅವನು ಕೇಳಿದರೆ ಅಂಗಡಿಯ ಮುಂದಿನ ರೈತರೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಅವನು ಕಟ್ಟಿದ ಕೊನೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ರಾಕ್ಷಸರು, ದೊರೆಗಳು ಕೂತು ಮಾತಾಡಿ, ಮಳೆ ಬರುವ ತನಕ ಇಷ್ಟು ಜಾಗ ನಿಮ್ಮದು ಎಂದು ತೀರ್ಮಾನ ಮಾಡಿಕೊಳ್ಳುತ್ತಿದ್ದರು.

ಈ ಕೊನೆಗಳಿಗೆ ಬಾಯಿಬಿಟ್ಟು ಕಾಯುತ್ತಿದ್ದವನು ಮಾರಣ್ಣ. ಅವನೂ ಕುರಿಯವನೇ, ಹೊನ್ನೂರಪ್ಪನಿಗಿಂತ ಎರಡು ವರ್ಷ ದೊಡ್ಡವನು. ಪಾರ್ಶ್ವವಾಯು ಹೊಡೆದು ಎರಡು ವರ್ಷ ಮಂಚ ಹಿಡಿದಿದ್ದ. ಹೆಂಡತಿ ಗಂಗಕ್ಕ ಅವನನ್ನು ಎತ್ತಿ, ಹೊರಳಿಸಿ, ತೊಳೆದು, ತುತ್ತಿಟ್ಟು ನೋಡಿಕೊಂಡಳು. ಸಂತೆಯ ದಿನ ಸಂಜೆ ಹೊನ್ನೂರಪ್ಪ ಬಂದು ಮಂಚದ ಪಕ್ಕ ಕೂತು ಸಿನಿಮಾ ಹೇಳಿದರೆ ಮಾರಣ್ಣನ ಅರ್ಧ ಮುಖ ನಗುತ್ತಿತ್ತು.

ಕಳೆದ ಸಂತೆಯ ಸಿನಿಮಾ ಚೇಳಿನದು. ಗುಡ್ಡದಷ್ಟು ದೊಡ್ಡ ಚೇಳು ಭೂಮಿಯೊಳಗಿಂದ ಏಳುತ್ತದೆ. ಹೀರೋ ಬೆನ್ನಿಗೆ ಬಾಂಬು ಕಟ್ಟಿಕೊಂಡು ಹಗ್ಗ ಹಿಡಿದು ಬಿಲಕ್ಕಿಳಿಯುತ್ತಾನೆ. ಮೇಲೆ ಮಿಷನ್ನಿನಲ್ಲಿ ಹಗ್ಗ ಬಿಡುವವಳು ಅವನ ಹೆಂಡತಿ, ಕೋರ್ಟಿಗೆ ಹೋಗಿ ಅವನನ್ನು ಬಿಟ್ಟವಳು. ಅರ್ಧ ಇಳಿದಾಗ ಹಗ್ಗದ ಒಂದು ಎಳೆ ಪಟ್ಟೆಂದು ಕಡಿದುಹೋಗುತ್ತದೆ. ಆಗ ಗಂಟೆ ನಾಲ್ಕೂಕಾಲು. ಹೊನ್ನೂರಪ್ಪ ಓಡಿದ. ಗ್ರಹಚಾರ, ಅವತ್ತು ಬಸ್ಸಿನಲ್ಲಿ ನಿದ್ದೆ ಹತ್ತಿಬಿಟ್ಟಿತು. ಕೊನೆಯಿಲ್ಲದೆ ಊರಿಗಿಳಿದ.

"ಹಗ್ಗ ಹರೀತೇನು? ಆ ಹೆಣ್ಮಗಳು ಬಿಟ್ಟಳೇನು?" ಎಂದು ಮಾರಣ್ಣ ತೊದಲುತ್ತ ಕೇಳಿದ.

"ನಾಳಿ ಹೇಳ್ತೀನಿ ತಡಿ. ಮನ್ಯಾಗ ಕುರಿ ಈಯಾಕ ಬಂದೈತಿ" ಎಂದು ಹೊನ್ನೂರಪ್ಪ ಎದ್ದು ಬಂದ. ಮರುದಿನ ಮಧ್ಯಾಹ್ನ ಮಾರಣ್ಣ ತೀರಿಕೊಂಡ.

ಮೂರನೆಯ ದಿನ ಗೋರಿಯ ಮುಂದೆ ಎಲೆ ಹಾಕಿದರು. ಸಜ್ಜೆರೊಟ್ಟಿ, ಪುಂಡಿಪಲ್ಯ, ಉಗ್ಗಾನಿ, ಮೆಣಸಿನಕಾಯಿ ಬಜ್ಜಿ, ಒಂದು ಕಟ್ಟು ಬೀಡಿ. ಕಾಗೆ ಬಂದು ಮುಟ್ಟಬೇಕು, ಆಮೇಲೆ ಮನೆಯವರು ಉಣ್ಣಬೇಕು. ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆತ ಹಸಿದುಕೊಂಡು ಅಲ್ಲೇ ಸುತ್ತುತ್ತಿರುತ್ತಾನೆ. ಕಾಗೆ ಬಂದಿತ್ತು. ಜಾಲಿಮರದ ಮೇಲೆ ಕೂತು ಎಲೆಯನ್ನು ನೋಡಿ ಮುಖ ಆ ಕಡೆ ಮಾಡಿತು.

ಶಾಸ್ತ್ರ ಮಾಡಿಸಲು ಬಂದ ಗುರುಪಾದಯ್ಯ, "ಏನರೆ ಮಾತು ಕೊಡ್ರಪ್ಪಾ" ಎಂದರು. ಗಂಗಕ್ಕನ ತಮ್ಮ ದುರುಗಣ್ಣ ಮುಂದೆ ಬಂದು, "ಮಾವಾ, ಮನಿ ಮ್ಯಾಲಿನ ತಗಡು ಹೊಸದು ಹಾಕಸ್ತೀನಿ" ಎಂದ. ಕಾಗೆ ಕದಲಲಿಲ್ಲ. "ಅಕ್ಕನ್ನ ನಾ ನೋಡಿಕೊಂತೀನಿ" ಎಂದ. ಕಾಗೆ ರೆಕ್ಕೆ ಕೆರೆದುಕೊಂಡಿತು. ಹೊತ್ತು ನೆತ್ತಿಗೆ ಬಂತು. ಮಣ್ಣು ಕಾದು ಬರಿಗಾಲು ನಿಲ್ಲುತ್ತಿರಲಿಲ್ಲ.

ಆಗ ಗಂಗಕ್ಕ ಹೇಳಿದಳು: "ತಗಡು ಯಾವನಿಗೆ ಬೇಕಾಗೈತಿ? ಸಾಯೋ ದಿನ ಮುಂಜಾನಿ ಸುದ್ದಾ ಹಗ್ಗ ಏನಾತು, ಹಗ್ಗ ಏನಾತು ಅಂತಿದ್ದ. ಹೊನ್ನೂರಪ್ಪಾ, ಬಾ ಇಲ್ಲಿ. ಕೊನಿ ಹೇಳು."

ಹೊನ್ನೂರಪ್ಪ ಕಂಬಳಿ ಸರಿಮಾಡಿಕೊಂಡು ಗೋರಿಯ ಮುಂದೆ ಬಂದ. ಚಹಾದಂಗಡಿಯಲ್ಲಿ ಸುಳ್ಳು ಹೇಳುವುದು ಒಂದು, ಗೋರಿಯ ಮುಂದೆ ಹೇಳುವುದು ಇನ್ನೊಂದು. ಗೆಳೆಯ ಹಸಿದು ಕೂತಿದ್ದಾನೆ, ತನ್ನಿಂದಲೇ ಕೂತಿದ್ದಾನೆ. ಹಾಗಂತ ಬಾಯಿ ಮುಚ್ಚಿ ನಿಲ್ಲಲಾದೀತೇ? ದೊರೆಗಳು ಹೀಗೇ ಮುಗಿಸಿರುತ್ತಾರೆ ಎಂದು ಅಂದಾಜು ಹಾಕಿ, ಕೈಮುಗಿದು, "ಮಾರಣ್ಣಾ, ಬಾಂಬು ಸಿಡೀತು, ಚೇಳು ಸತ್ತಿತು, ಗಂಡ ಹೆಂಡ್ತಿ ಒಂದಾದ್ರು, ಬಾವುಟ ಹಾರಿಸಿದ್ರು" ಎಂದ.

"ಇಲ್ಲ ತಾತಾ, ಅದು ಹಂಗಿಲ್ಲ. ನಾ ನೋಡೀನಿ" ಎಂದಳು ಚಂದನಾ. ಮಾರಣ್ಣನ ಮಗಳ ಮಗಳು, ಆದೋನಿಯಲ್ಲಿ ಡಿಗ್ರಿ ಓದುವವಳು. ಮುಗ್ಧವಾಗಿಯೇ ಹೇಳಿದಳು, ಆದರೆ ಊರೆಲ್ಲ ಹೊನ್ನೂರಪ್ಪನ ಕಡೆ ತಿರುಗಿತು.

ಇನ್ನು ಮುಚ್ಚಿಡುವುದೇನಿದೆ? "ನಾ ನೋಡಿಲ್ಲಪಾ. ಬಸ್ಸು ನಾಕೂವರಿಗೈತಿ. ಯಾವ ಸಿನಿಮಾದ ಕೊನೀನೂ ನಾ ನೋಡಿಲ್ಲ" ಎಂದು ತಲೆ ತಗ್ಗಿಸಿದ. ಗದ್ದಲವೆಂದರೆ ಗದ್ದಲ. "ಹಂಗಾರ ಆ ಮೂರು ಕಣ್ಣಿನವ್ರು ರೈತರಿಗೆ ಕೈಮುಗದು ಹೋದ್ರು ಅಂದಿದ್ದೆಲ್ಲೋ? ನನ್ನ ಮೊಮ್ಮಗಗ ಅದ ಕತಿ ಹೇಳಿ ವರ್ಷಗಟ್ಟಲೆ ಉಣಿಸೀನಿ!" ಎಂದು ಒಬ್ಬ ಮುದುಕಿ ಎದೆ ಬಡಿದುಕೊಂಡಳು. "ಥೂ ನಿನ್ನ, ಕಡಲಾಗಿನ ಹಾವಿಗೆ ಹಾಲು ಕುಡಿಸಿದ್ದೂ ಸುಳ್ಳೇನು?" ಎಂದ ಇನ್ನೊಬ್ಬ.

ಗುರುಪಾದಯ್ಯ ಎಲ್ಲರ ಬಾಯಿ ಮುಚ್ಚಿಸಿ, "ಮಗಾ, ಖರೇ ಕೊನಿ ನೀನ ಹೇಳು" ಎಂದು ಚಂದನಾಳನ್ನು ಮುಂದೆ ಕರೆದರು. ಅವಳು ದುಪ್ಪಟ್ಟಾ ತಲೆಯ ಮೇಲೆ ಎಳೆದುಕೊಂಡು ಗೋರಿಗೆ ಹೇಳಿದಳು: "ತಾತಾ, ಹಗ್ಗ ಇನ್ನೇನು ಹರೀಬೇಕು, ಅಷ್ಟರಾಗ ಕೆಳಗ ಕತ್ತಲದಾಗ ಇನ್ನೂ ನೂರು ಚೇಳಿನ ಕಣ್ಣು ತೆರೀತಾವ. ಅಲ್ಲಿಗೆ ಮುಗೀತು. ಉಳಿದದ್ದು ಎರಡನೇ ಭಾಗದಾಗ ಐತಿ. ಎರಡು ವರ್ಷ ಆದಮ್ಯಾಲೆ ಬರ್ತೈತಿ."

ಕಾಗೆ ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಬೆನ್ನು ತಿರುಗಿಸಿ ಕೂತಿತು.

"ಎರಡು ವರ್ಷ!" ಎಂದು ದುರುಗಣ್ಣ ಅಲ್ಲೇ ಕುಕ್ಕರಿಸಿದ. ಅಲ್ಲಿಯ ತನಕ ಮೈಲಿಗೆ ಹಿಡಿಯಬೇಕೇ, ಕೂಳು ದಿನಾ ಬಿಸಿ ಮಾಡಿ ಇಡಬೇಕೇ ಎಂದು ಅವನು ಕೇಳಿದರೆ, "ಎರಡನೇ ಭಾಗದ್ದು ಶಾಸ್ತ್ರದಾಗ ಎಲ್ಲೂ ಬರೆದಿಲ್ಲಪಾ" ಎಂದರು ಗುರುಪಾದಯ್ಯ. ಅಮೆರಿಕಾದವರಿಗೆ ಫೋನು ಮಾಡಿ ಬೇಗ ಮುಗಿಸಿರೆಂದು ಹೇಳೋಣ ಎಂಬ ಮಾತೂ ಬಂತು. ಸಿನಿಮಾ ತೆಲುಗಿನದಲ್ಲವೇ, ಕಾಗೆಗೆ ಕನ್ನಡದಲ್ಲಿ ಹೇಳಿದ್ದೇ ತಪ್ಪು ಎಂದು ಯಾರೋ ಅಂದರು. ಪಾಪ, ಚಂದನಾ ನೂರು ಚೇಳುಗಳನ್ನು ಮತ್ತೊಮ್ಮೆ ಚೊಕ್ಕ ತೆಲುಗಿನಲ್ಲಿ ಹೇಳಿದಳು. ಕಾಗೆಗೆ ತೆಲುಗೂ ಹಿಡಿಸಲಿಲ್ಲ.

ಗಂಗಕ್ಕನಿಗೆ ಸಿಟ್ಟು ಬಂದುಬಿಟ್ಟಿತು.

"ಬಾಯಿ ಮುಚ್ರಿ ಎಲ್ಲಾರೂ! ಆ ದೊರಿಗಳ ಕೊನಿ ಕಟಗೊಂಡು ಏನು ಮಾಡ್ತಾನ ಆತ? ಮೂವತ್ತು ವರ್ಷ ಆತನೂ ಅದ ಬಸ್ಸಿನಾಗ ಸಂತಿಗೆ ಹೋಗಿ ಬಂದಾನ, ನಾಕೂವರಿ ಬಸ್ಸು ಆತಗ ಗೊತ್ತಿರಲಿಲ್ಲೇನು? 'ಇವತ್ತು ಹೊನ್ನೂರ ಬಸ್ಸಿನಾಗ ಏನು ಕಟಗೊಂಡು ಬರ್ತಾನೋ ನೋಡಾಣ' ಅಂತ ಸಂಜಿತನಕ ಬಾಗಲಾ ನೋಡತಿದ್ದ. ಹೊನ್ನೂರಪ್ಪಾ, ಖರೇದು ಕೇಳಿದವರ್ಯಾರು? ನಿಂದು ಹೇಳು."

ಹೊನ್ನೂರಪ್ಪನ ಕಣ್ಣು ತುಂಬಿ ಬಂತು. ಗೊತ್ತಿತ್ತಂತೆ! ಎರಡು ವರ್ಷ ಎಲ್ಲ ಗೊತ್ತಿದ್ದೂ "ಮುಂದ? ಮುಂದ?" ಎಂದಿದ್ದನಲ್ಲ ಈ ಕಳ್ಳ! ಕಂಬಳಿಯಿಂದ ಮೂಗೊರೆಸಿಕೊಂಡು ಗೋರಿಯ ಪಕ್ಕ ಕೂತ, ಮಂಚದ ಪಕ್ಕ ಕೂತ ಹಾಗೆಯೇ.

"ಕೇಳಪಾ ಮಾರಣ್ಣಾ. ಹಗ್ಗ ಹರೀತು. ಮಿಷನ್ ಹಗ್ಗ, ಅದರ ಹಣೆಬಾರ ಅಷ್ಟ. ಹರೀತಿದ್ದಂಗ ಆಕಿ ಎರಡೂ ಕೈಯಾಗ ತುದಿ ಹಿಡಿದಳು. 'ಬಿಡವ್ವಾ, ನೀನೂ ಬೀಳ್ತಿ' ಅಂದ್ರು ಮಂದಿ. ಆಕಿ ಬಿಡಲಿಲ್ಲ. ಡಾಕ್ಟರು ಬಂದು, 'ಇನ್ನೇನೂ ಉಳಿದಿಲ್ಲ, ಬಿಟ್ಟುಬಿಡು' ಅಂದ. ಬಿಡಲಿಲ್ಲ. ಕೆಳಗ ಜೋಲಾಡೋ ಗಂಡನೂ ಅಂದ, 'ಸಾಕು ಬಿಡ' ಅಂತ. 'ನೀ ಸುಮ್ಮನಿರು' ಅಂದಳು. ಕೆಳಗ ಈತ ಬ್ಯಾಟರಿ ಬಿಟ್ಟು ನೋಡ್ತಾನ, ಚೇಳಿನ ಬೆನ್ನ ಮ್ಯಾಲೆ ತುಂಬಾ ಮರಿ. ಈದ ಬಾಣಂತಿ ಅದು! ಬಾಂಬು ಬಿಚ್ಚಿ ಒಗೆದ. 'ಮಳಿ ಬರೋತನಕ ಇಲ್ಲೇ ಇರವ್ವಾ, ಯಾರೂ ಏನೂ ಅನ್ನೂದಿಲ್ಲ' ಅಂದ. ಮ್ಯಾಲೆ ಆಕಿ ಇನ್ನೂ ಹಿಡಿದಾಳ..."

ದುರುಗಣ್ಣ ಕಿರುಚಿದ. ಕಾಗೆ ಕೆಳಗಿಳಿದಿತ್ತು. ಎಲೆಯ ಸುತ್ತ ಎರಡು ಹೆಜ್ಜೆ ಕುಪ್ಪಳಿಸಿ, ಮೊದಲು ಬಜ್ಜಿ ಕಚ್ಚಿತು, ಆಮೇಲೆ ರೊಟ್ಟಿ. ಜನ ಕೈಮುಗಿದರು, ಅತ್ತರು, ಕೂಡಲೇ ಎಲ್ಲರಿಗೂ ಹಸಿವೆಯಾಯಿತು. ಕಾದ ಮಣ್ಣಿನ ಮೇಲೆ ಕಾಲೆತ್ತಿ ಕಾಲಿಡುತ್ತ ಗುಂಪು ಊರಿನ ಕಡೆ ಹೊರಟಿತು. ಗುರುಪಾದಯ್ಯ ಎಲ್ಲರಿಗಿಂತ ಮುಂದಿದ್ದರು.

ಹೊನ್ನೂರಪ್ಪ ಮೊಣಕಾಲು ಹಿಡಿದು ಎದ್ದ. ಗಂಗಕ್ಕ ಎದ್ದಿರಲಿಲ್ಲ.

"ನಡಿಯಕ್ಕಾ, ಉಂಡ ಆತ. ಮೂರು ದಿನಾತು ನೀ ಉಂಡು."

"ಆತಗ ಸಾಕಾತು, ಹೋದ. ಅದಿರಲಿ, ಹಗ್ಗ ಹಿಡಿದಿದ್ದಳಲ್ಲ, ಆಕಿ? ಹಗ್ಗ ಹಗುರಾದಮ್ಯಾಗ ಆಕಿ ಏನು ಮಾಡಿದಳು?"

ಹೊನ್ನೂರಪ್ಪ ಆದೋನಿಯ ರಸ್ತೆಯ ಕಡೆ ನೋಡಿದ.

"ಅದಿನ್ನೂ ಕಟ್ಟಬೇಕಕ್ಕಾ."

"ಕಟ್ಟು" ಎಂದಳು ಗಂಗಕ್ಕ, ಸೆರಗು ನೆರಳು ಮಾಡಿಕೊಂಡು. "ನನಗೇನೂ ಅವಸರ ಇಲ್ಲ."