ಎಲೆ ಕೊಯ್ದ ಹೊತ್ತು

ನಮ್ಮ ತಪ್ಪಿಗೆ ತಲೆಕೊಟ್ಟವರು ಹುಲ್ಲಹಳ್ಳಿಯ ಬೀಜಸಂಘದ ಹೆಂಗಸರು. ಕೂಲಿಗೆ ಹೋಗುತ್ತಲೇ, ಗುತ್ತಿಗೆ ಹಿಡಿದ ತುಂಡು ಗದ್ದೆಗಳಲ್ಲಿ ನಾಟಿ ಭತ್ತದ ಒಂದು ತಳಿಯನ್ನು ಉಳಿಸಿಕೊಂಡು ಬಂದವರು. ಪ್ರಯೋಗಾಲಯದಲ್ಲಿ ಕುಳಿತಿದ್ದ ನಮಗ್ಯಾರಿಗೂ ಏನೂ ಆಗಲಿಲ್ಲ.

ಅವರ ಭತ್ತವೂ ಟಿ. ನರಸೀಪುರದ ಕಡೆಯ ದೊಡ್ಡ ಹಿಡುವಳಿದಾರರ ಭತ್ತವೂ ಒಂದೇ ತಳಿಯೇ ಎಂದು ನಾವು ತಿಳಿಸಬೇಕಿತ್ತು. ಎರಡೂ ಕಡೆಯ ಎಲೆಗಳಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆದೆವು. ಸಾವಿರಾರು ಅಳತೆಗಳನ್ನು ಒಂದು ಚಿತ್ರಕ್ಕೆ ಇಳಿಸಿದವಳು ನಾನು. ಒಂದೊಂದು ಎಲೆಯನ್ನೂ ಮಿಕ್ಕೆಲ್ಲ ಎಲೆಗಳೊಡನೆ ಹೋಲಿಸಿ, ಜೀನ್‌ಗಳ ಏರಿಳಿತ ಹೊಂದಿದರೆ ಕೆಂಪು ಚೌಕ, ಹೊಂದದಿದ್ದರೆ ನೀಲಿ. ಹುಲ್ಲಹಳ್ಳಿಯದೊಂದು ಕೆಂಪು ಗುಂಪಾಯಿತು, ನರಸೀಪುರದ್ದು ಇನ್ನೊಂದು. ನಡುವೆ ಬರೀ ನೀಲಿ. ಪ್ರಯೋಗಾಲಯದ ಮೇಲಿನವರು ಹುಲ್ಲಹಳ್ಳಿಯ ಬೀಜ ಕಲಬೆರಕೆಯೆಂದು ವರದಿ ಬರೆದರು. ನರಸೀಪುರದ್ದೇ ಅಪ್ಪಟವೆಂದು ಹೇಗೆ ಹೇಳುತ್ತೀರಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೀಜ ಕೇಳಿಕೊಂಡು ಬರುವವರು ನಿಂತುಹೋದರು. ಇನ್ನೊಂದು ಬಿತ್ತನೆ ಹೀಗೇ ಕಳೆದಿದ್ದರೆ ತಳಿಯೇ ಅವರ ಕೈಬಿಟ್ಟುಹೋಗುತ್ತಿತ್ತು.

ವರದಿ ಓದಿ ಹೇಳಲು ಹೋದಾಗ ಸಂಘದ ಹಿರಿಯಾಕೆ ಚಿತ್ರವನ್ನು ತಿರುಗಿಸಿ ನೋಡಿ ನಕ್ಕರು.

“ನರಸೀಪುರದೋರು ಬಿತ್ತಿರೋದೇ ನಮ್ ಮನೆ ಬೀಜ ಕಣವ್ವ. ತಾಯಿ ಕಲಬೆರಕೆ, ಮಗಳು ಅಪ್ಪಟವಾ?”

ನಾನು ಚಿತ್ರದ ಕಡೆ ಬಗ್ಗಿದೆ. ಅವರೇ ಮುಂದುವರಿಸಿದರು.

“ನಮ್ ಗದ್ದೇಲಿ ಎಲೆ ಕುಯ್ದಾಗ ಇನ್ನೂ ಇಬ್ಬನಿ ಆರಿರ್ನಿಲ್ಲ. ಏಳ್ಗಂಟೆಗೆ ಕೂಲಿಗೆ ಓಗ್ಬೇಕು ಅಂತ ನಾವೇ ಬೇಗ ಬನ್ನಿ ಅಂದಿದ್ವಿ. ಅಲ್ಲಿ ಯಾವೊತ್ತಲ್ಲಿ ಕುಯ್ದ್ರಿ?”

“ಮಧ್ಯಾಹ್ನ, ಯಜಮಾನರ ಊಟ ಮುಗಿದ ಮೇಲೆ.”

“ಅಂಗನ್ನು ಮತ್ತೆ! ಒತ್ತಾರೆ ನನ್ ಮೊಕ, ಮಧ್ಯಾನ ಕಳೆ ಕೀಳೋವಾಗಿನ್ ಮೊಕ ಒಂದೇ ಇರ್ತದಾ? ಇವಳ್ಯಾರೋ ಬೇರೆಯೋಳು ಅಂತ ಬರ್ಕೊಂಡೋಗ್ತೀಯಾ?”

ಸುತ್ತ ಕುಳಿತವರೆಲ್ಲ ನಕ್ಕರು. ಬಿಸಿಲು ಏರಿದಂತೆ ಗಿಡದ ನೂರಾರು ಜೀನ್‌ಗಳು ಏರುತ್ತವೆ, ಇಳಿಯುತ್ತವೆ. ಓದಿದ ನನಗೆ ಇದು ಗೊತ್ತಿರಬೇಕಿತ್ತು. ಆ ಚಿತ್ರ ತಳಿಯನ್ನಲ್ಲ, ಹೊತ್ತನ್ನು ಬೇರ್ಪಡಿಸಿತ್ತು. ಆ ಹೊತ್ತನ್ನು ನಿಗದಿಮಾಡಿದ್ದು ಒಂದು ಕಡೆ ಕೂಲಿ, ಇನ್ನೊಂದು ಕಡೆ ಯಜಮಾನರ ಬಿಡುವು.

ಎರಡೂ ಕಡೆ ಬೆಳಗಿನ ಆರಕ್ಕೇ ಮತ್ತೆ ಎಲೆ ಕೊಯ್ಯಿಸಿದೆ. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಕುಳಿತಿದ್ದಾಗ ಹೊಸ ಚಿತ್ರ ಫೋನಿಗೆ ಬಂತು: ಅಂಚಿನಿಂದ ಅಂಚಿಗೆ ಕೆಂಪು. ಅದೊಂದನ್ನೇ ನಂಬದೆ ಮಾಡಿಸಿದ ಡಿಎನ್‌ಎ ಹೋಲಿಕೆಯೂ ಒಂದೇ ತಳಿ ಎಂದಿತು. ಎಷ್ಟೋ ವಾರಗಳ ಮೇಲೆ ಎದೆಯ ಭಾರ ಇಳಿಯಿತು. ಹಿರಿಯಾಕೆಗೆ ಫೋನ್ ಮಾಡಿದೆ.

“ನಮ್ಗೆ ಗೊತ್ತಿತ್ತು ಬುಡವ್ವ. ನೀನು ಒಟ್ಟೆಗೇನಾದ್ರೂ ತಿಂದಿದ್ದೀಯಾ?”

ವರದಿಗೆ ಸಹಿ ಹಾಕಿದ ಮೇಲಿನವರೇ, ಇದನ್ನು ನಿಮಗೇ ಬರೆಯುತ್ತಿದ್ದೇನೆ; ನನ್ನ ಸಹಿಯೂ ಆ ವರದಿಯಲ್ಲಿದೆ. ಮುಂಗಾರಿಗೆ ಭತ್ತದ ಸಸಿಯ ಒಟ್ಲು ಹಾಕುವ ಮೊದಲು ‘ಕಲಬೆರಕೆ’ ಎಂಬ ಮಾತನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಆ ಪತ್ರವನ್ನು ಕನ್ನಡದಲ್ಲಿ, ಸಂಘದ ಸಭೆಯಲ್ಲಿ, ನೀವೇ ನಿಂತು ಓದಿ.