ಮೊಂಡಿ ಹಚ್ಚದ ಬೆಂಕಿ

ಶಾಲೆ ಬಿಟ್ಟ ದಿನವೇ ಅವಳ ಹೆಸರೂ ಅವಳನ್ನು ಬಿಟ್ಟಿತು. ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಎಲ್ಲರಿಗೂ ಅವಳು ಮೊಂಡಿ. ಹಾಗೆ ಕರೆದರೇ ತಿರುಗಿ ನೋಡುತ್ತಾಳೆ, ಅದಕ್ಕವಳಿಗೆ ಬೇಸರವೂ ಇಲ್ಲ. ಒಮ್ಮೆ ಪಟ್ಟು ಹಿಡಿದಳೆಂದರೆ ಮುಗಿಯಿತು, ದೇವರೇ ಬಂದು ಕೈಮುಗಿದರೂ “ಕೂತ್ಕೊಳ್ಳಿ, ನೀರು ಕುಡೀರಿ, ಆದ್ರೆ ಆಗಲ್ಲ” ಅನ್ನುವ ಪೈಕಿ.

ಅಪ್ಪನದು ಸೈಕಲ್ ಅಂಗಡಿ. ಒಂದೇ ಕೋಣೆ. ಹಿಂದಿನ ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಎರಡು ಸಿಲಿಂಡರು, ಒಂದರಲ್ಲಿ ಆಕ್ಸಿಜನ್, ಇನ್ನೊಂದರಲ್ಲಿ ಗ್ಯಾಸ್. ಕಿಟಕಿಯ ಕೆಳಗೆ ಬೆಸುಗೆಯ ಬೆಂಚು. ಪಂಕ್ಚರ್ ಹಾಕುವವರು, ಗಾಳಿ ಹೊಡೆಯುವವರು ನೆಲದ ಮೇಲೆ ಕೂರುತ್ತಾರೆ. ಮುರಿದ ಫ್ರೇಮಿಗೆ ಹಿತ್ತಾಳೆ ಕರಗಿಸಿ ಕೂಡಿಸುವವರು ಮಾತ್ರ ಆ ಬೆಂಚಿನ ಮುಂದೆ ನಿಲ್ಲುತ್ತಾರೆ. ಬೆಂಚು ಯಾರದೋ ಅಂಗಡಿ ಅವರದು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅಪ್ಪನ ಬಲಗೈ ಬೆರಳುಗಳು ಸುಟ್ಟು ಒಳಕ್ಕೆ ಮಡಚಿಕೊಂಡಿದ್ದವು. ಎಷ್ಟೋ ವರ್ಷದ ಹಿಂದೆ ಕೆಲಸ ಮಾಡುತ್ತಿದ್ದಾಗ ಬೆಸುಗೆ ಹಾಕುವ ಟಾರ್ಚಿನ ಮೂತಿಯಲ್ಲಿರಬೇಕಾದ ಬೆಂಕಿ ಪಟ್ ಎಂದು ಹಿಂದಕ್ಕೆ ಓಡಿ ಪೈಪಿನೊಳಗೆ ಹೊಕ್ಕಿತ್ತು. ಪೈಪು ಉರಿಯುತ್ತಿದ್ದಂತೆಯೇ ಅಪ್ಪ ಬರಿಗೈಯಲ್ಲಿ ನುಗ್ಗಿ ಸಿಲಿಂಡರ್ ಮುಚ್ಚಿದ್ದ. ಬೀದಿಗೆ ಬೀದಿಯೇ ಅವನನ್ನು ಹೊತ್ತು ಮೆರೆಸಿತು. ಅಂದಿನಿಂದ ಆ ಕಥೆ ಕೇಳದೆ ಆ ಅಂಗಡಿಯಿಂದ ಹೊರಗೆ ಹೋದ ಗಿರಾಕಿಯೇ ಇಲ್ಲ. ಸ್ಟೂಲಿನ ಮೇಲೆ ಕೂತು, ಎದೆಯುಬ್ಬಿಸಿ, ಆ ಕೈಯನ್ನೇ ಮುಂದೆ ಚಾಚಿ ಅಪ್ಪ ಹೇಳುತ್ತಿದ್ದ. ಕೇಳಿ ಕೇಳಿ ಮೊಂಡಿಗೆ ತಲೆ ಚಿಟ್ಟು ಹಿಡಿದಿತ್ತು.

ಆಮೇಲೆ ಬೆಂಚಿಗೆ ಬಂದವನು ದೊಡ್ಡಪ್ಪನ ಮಗ. ಒಳ್ಳೆಯವನೇ, ಆದರೆ ಎಲ್ಲದಕ್ಕೂ ಆತುರ, ಅದಕ್ಕೇ ಅವನಿಗೆ ಅವಸರ ಎಂದೇ ಹೆಸರು. ಅಪ್ಪನ ಹಳೆಯ ಭಾರದ ಟಾರ್ಚಿನಲ್ಲಿ ಸೈಕಲ್ಲಿನ ತೆಳು ಕೊಳವೆಗಳನ್ನು ತೂತು ಬೀಳುವಷ್ಟು ಸುಡುತ್ತಿದ್ದ. ಮೊಂಡಿ ಮಾತ್ರ ಉಜ್ಜುವುದು, ತಿಕ್ಕುವುದು, ಬಣ್ಣ ಕೆರೆಯುವುದು ಮಾಡುತ್ತಲೇ ಕಣ್ಣಲ್ಲೇ ಕೆಲಸ ಕಲಿತಳು. ಅವಸರ ಊಟಕ್ಕೆ ಹೋದಾಗ ಕೈಯಲ್ಲೂ ಕಲಿತಳು. ಕಡೆಗೆ ಪೆನ್ನಿನ ಹಾಗೆ ಹಿಡಿಯಬಹುದಾದ ಹಗುರ ಟಾರ್ಚೊಂದನ್ನು ತಂದು ಅವಳು ಹಾಕಿದ ಬೆಸುಗೆ ನೋಡಿ ಅಪ್ಪನೇ ಹುಬ್ಬೇರಿಸಿದ. ಗಂಟಿಲ್ಲ, ತೊಟ್ಟಿಲ್ಲ, ಬೆರಳಾಡಿಸಿದರೆ ಜೋಡಿಸಿದ ಜಾಗವೇ ಸಿಗುತ್ತಿರಲಿಲ್ಲ.

“ಬೆಂಚು ಇನ್ನು ನಿಂದು,” ಎಂದ ಅಪ್ಪ.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಇವಳು ಅಂದಳು, “ಬೆಂಕಿ ತಡೆ ಹಾಕಿಸಿ ಕೊಡಿ. ಅದಿಲ್ದೆ ನಾನು ಟಾರ್ಚ್ ಹಚ್ಚಲ್ಲ.”

ಬೆಂಕಿ ತಡೆ ಎಂದರೆ ಹೆಬ್ಬೆರಳ ಗಾತ್ರದ ಹಿತ್ತಾಳೆಯ ತುಂಡು. ಗ್ಯಾಸನ್ನು ಮುಂದಕ್ಕೆ ಬಿಡುತ್ತದೆ, ಬೆಂಕಿಯನ್ನು ಹಿಂದಕ್ಕೆ ಬಿಡುವುದಿಲ್ಲ. ಅಷ್ಟೇ ಅದರ ಕೆಲಸ. ಆದರೆ ಅಪ್ಪನ ಮುಖ ಮಾತ್ರ ಕಪ್ಪಿಟ್ಟಿತು.

“ನಾನು ಅದಿಲ್ದೇ ಇಷ್ಟು ವರ್ಷ ದುಡಿದೆ. ನಿಂಗೇನು ಜೀವ ಹೆಚ್ಚಾ?”

“ಹೌದು, ಹೆಚ್ಚೇ.”

“ಟಾರ್ಚಿನ ಹಿಡೀಲಿ ಅದನ್ನ ಸಿಕ್ಕಿಸಿದ್ರೆ ಹಿಂದಿನ ಭಾರಕ್ಕೆ ಮೂತಿ ಮೇಲೇಳುತ್ತೆ,” ಎಂದ ಅವಸರ. “ಹಗುರ ಇರ್ಲಿ ಅಂತ ತಂದು, ಬಾಲಕ್ಕೆ ಕಲ್ಲು ಕಟ್ತೀಯಾ?”

“ಯಾರು ಹೇಳಿದ್ರು ಹಿಡೀಲಿ ಅಂತ? ಭಾರದ ತಡೆ ಎರಡು ಸಿಲಿಂಡರಿಗೂ ಒಂದೊಂದು, ರೆಗ್ಯುಲೇಟರ್ ಬಾಯಿಗೆ. ಹಿಡೀಲಿ ಬರೀ ಸಣ್ಣ ವಾಲ್ವು, ಗ್ಯಾಸು ವಾಪಸ್ ಬರದ ಹಾಗೆ. ಎರಡೂ ಬೇಕು. ಸಣ್ಣ ವಾಲ್ವು ಗ್ಯಾಸನ್ನ ತಡೆಯುತ್ತೆ, ಬೆಂಕೀನ ತಡೆಯಲ್ಲ. ಅಂಗಡಿಯವನು ದೊಡ್ಡ ಟಾರ್ಚಿಂದು ಕೊಟ್ರೆ ತಗೋಬೇಡ, ನಮ್ಮ ಸಣ್ಣ ಮೂತಿಗೆ ಹೊಂದೋದೇ ಕೇಳು.”

ಅಪ್ಪ ದಿನಗಟ್ಟಲೆ ಮಾತುಬಿಟ್ಟ. ಅದಕ್ಕೂ ಅವಳು ಜಗ್ಗಲಿಲ್ಲ. ಫ್ರೇಮುಗಳು ಗೋಡೆಗೆ ಒರಗಿ ರಾಶಿ ಬಿದ್ದವು. ಕಡೆಗೆ ಅಪ್ಪನೇ ಸೋತು ಅವಸರನನ್ನು ಪೇಟೆಗೆ ಅಟ್ಟಿದ.

ಮರುದಿನ ಬೆಳಗ್ಗೆ ಅವಳು ಬರುವಷ್ಟರಲ್ಲಿ ಎಲ್ಲ ಹಾಕಿ ಮುಗಿದಿತ್ತು. ಸಿಲಿಂಡರಿನ ಹತ್ತಿರ ಭಾರದ್ದು, ಹಿಡಿಯಲ್ಲಿ ಸಣ್ಣದು, ಅವಳು ಹೇಳಿದ ಹಾಗೆಯೇ. ಅವಸರ ಹಲ್ಲು ಕಿರಿಯುತ್ತಾ ನಿಂತಿದ್ದ. ಬ್ರೆಡ್ ಮಾರುವವನೊಬ್ಬ ಮುರಿದ ಮೂರು ಚಕ್ರದ ಗಾಡಿ ತಳ್ಳಿಕೊಂಡು ಬಂದು ಕಾಯುತ್ತಿದ್ದ. ಮೊಂಡಿಯ ಎದೆ ತುಂಬಿ ಬಂತು. ನಿಜಕ್ಕೂ ಬಂತು. ಒಂದು ಸಲ ಎಲ್ಲವನ್ನೂ ಸವರಿ ನೋಡೋಣವೆಂದು ಆಕ್ಸಿಜನ್ ಕಡೆಯ ಜೋಡಣೆಯ ಮೇಲೆ ಬೆರಳಿಟ್ಟಳು. ಬೆರಳು ಜಾರಿತು. ಮೂಗಿಗೆ ಹಿಡಿದರೆ ಮೆಷಿನ್ ಎಣ್ಣೆಯ ವಾಸನೆ.

“ಎಣ್ಣೆ ಹಾಕಿದ್ಯಾ?”

“ಮತ್ತೆ? ತಿರುಪಿಗೆ ಎಣ್ಣೆ ಸವರದೆ ತಿರುಗಿಸ್ತಾರಾ? ನಿಂಗೇ ನಾಳೆ ಬಿಚ್ಚೋಕೆ ಸಲೀಸಾಗ್ಲಿ ಅಂತ ಒಳಗೂ ಎರಡು ತೊಟ್ಟು ಬಿಟ್ಟಿದ್ದೀನಿ,” ಎಂದ ಅವಸರ, ಉಪಕಾರ ಮಾಡಿದವನ ಧ್ವನಿಯಲ್ಲಿ.

ಸೈಕಲ್ ಅಂಗಡಿಯವರ ಕೈ ಅದು, ಏನು ಮಾಡುವುದು. ಪೆಡಲ್ಲಿಗೆ ಎಣ್ಣೆ, ಸರಪಳಿಗೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಎಣ್ಣೆ. ಆದರೆ ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ಸಿಕ್ಕರೆ ಕಿಡಿಯೂ ಬೇಕಿಲ್ಲ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒರೆಸಿದರೂ ಹೋಗುವುದಿಲ್ಲ. ಒಳಗೆ ಇಳಿದ ಮೇಲೆ ಆ ತುಂಡು ಕಸಕ್ಕೇ ಸರಿ.

ಮೊಂಡಿ ಅದನ್ನು ಬಿಚ್ಚಿದಳು. ಕಸದ ಡಬ್ಬಕ್ಕೆ ಎಸೆದಳು. ಸಿಲಿಂಡರ್ ತೆರೆಯುವ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು.

“ಇವತ್ತು ಬೆಂಕಿ ಇಲ್ಲ,” ಎಂದಳು ಬ್ರೆಡ್ಡಿನವನಿಗೆ. ಅವನು ಗೊಣಗಿಕೊಳ್ಳುತ್ತಾ ಗಾಡಿಯ ಮೇಲೆಯೇ ಕೂತ.

ಅಪ್ಪ ಸ್ಟೂಲಿನಿಂದ ಎದ್ದ. “ಕೇಳಿದ್ದು ತರಿಸಿಕೊಟ್ಟೆ. ಈಗ ಅದೂ ಸರಿಯಿಲ್ವಾ? ಜನರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತಾನೇ ಹೊರಟಿದ್ದೀಯಾ? ಕೀಲಿ ಅವಸರನಿಗೆ ಕೊಡು. ಬೆಂಚೂ ಅವನಿಗೇ.”

“ಬೆಂಚು ಕೊಡಿ, ಬೇಡ ಅನ್ನಲ್ಲ. ಕೀಲಿ ಕೊಡಲ್ಲ. ಅವನ ಮೇಲೆ ಸಿಟ್ಟಿಲ್ಲ ನಂಗೆ, ಅವನು ಸುಟ್ಟುಕೊಳ್ಳೋದನ್ನ ನಾನು ನೋಡಲ್ಲ.”

“ಹೇಡಿ. ನನ್ನ ಹೊಟ್ಟೇಲಿ ಹುಟ್ಟಿ ಹೇಡಿ. ಆವತ್ತು ನಾನು ಹೀಗೆ ಹೆದರಿದ್ರೆ ಈ ಬೀದಿ ಇರ್ತಿತ್ತಾ?” ಎನ್ನುತ್ತಾ ಅಪ್ಪ ಬ್ರೆಡ್ಡಿನವನ ಕಡೆ ತಿರುಗಿ ಆ ಕೈ ಚಾಚಿದ. ಕಥೆ ಶುರುವಾಗುವುದರಲ್ಲಿತ್ತು.

ಊಟದ ಡಬ್ಬಿ ತಂದಿದ್ದ ಅಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಂಗಡಿಯ ವಿಷಯಕ್ಕೆ ತಲೆಹಾಕಿದವಳೇ ಅಲ್ಲ. ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿದಳು.

“ಬೀದಿ ಉಳೀತು, ಸರಿ. ಅದರ ಕಥೆ ಹೇಳೋಕೆ ನೀವಿದ್ದೀರಿ. ಬೆಳಗ್ಗೆ ಎದ್ದು ನಿಮ್ಮ ಅಂಗಿ ಗುಂಡಿ ಹಾಕೋಳು ನಾನು. ಅನ್ನ ಕಲಸಿ ಕೊಡೋಳು ನಾನು. ಒಂದು ದಿನ ಬೇಜಾರು ಮಾಡ್ಕೊಂಡಿಲ್ಲ. ಆದ್ರೆ ಇವಳ ಕೈಯೂ ಹಾಗೇ ಆದ್ರೆ, ನಾನು ಹೋದ ಮೇಲೆ ನಿಮ್ಮಿಬ್ಬರಿಗೂ ಗುಂಡಿ ಹಾಕೋರು ಯಾರು? ಈ ಬೀದಿಯೋರು ಬರ್ತಾರಾ?”

ಚಾಚಿದ ಕೈ ಅಲ್ಲೇ ನಿಂತಿತು. ಅಪ್ಪ ಅದನ್ನು ನೋಡಿಕೊಂಡ, ಆಮೇಲೆ ಮಗಳ ಕೈ ನೋಡಿದ. ಮಸಿ ಹಿಡಿದ, ಉಗುರು ಸವೆದ, ಹತ್ತೂ ಬೆರಳು ನೆಟ್ಟಗಿದ್ದ ಕೈ. ತನ್ನದನ್ನು ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡು ಸ್ಟೂಲಿನ ಮೇಲೆ ಕೂತ. ಅವಸರ ಕಸದ ಡಬ್ಬದ ಕಡೆಗೇ ಕಣ್ಣು ನೆಟ್ಟಿದ್ದ.

“ಅವಸರ, ಹೋಗಿ ಹೊಸದು ತಗೊಂಡು ಬಾ,” ಎಂದ ಅಪ್ಪ. ಧ್ವನಿ ತೀರಾ ಸಣ್ಣಗಿತ್ತು.

“ಅವನು ಬೇಡ, ನಾನೇ ಹೋಗ್ತೀನಿ,” ಎನ್ನುತ್ತಾ ಮೊಂಡಿ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದುಕೊಂಡಳು. ಅಮ್ಮ ಸೆರಗಿನ ತುದಿ ಚಾಚಿದಳು, ಅವಳು ಒರೆಸಿಕೊಂಡಳು.

“ಕೀಲಿ ಇಟ್ಟು ಹೋಗು,” ಎಂದ ಅಪ್ಪ, ತಲೆಯೆತ್ತದೆ.

“ಇಡಲ್ಲ.”

ಅಪ್ಪ ಮತ್ತೆ ಕೇಳಲಿಲ್ಲ.