ಸಹಾರಾ ಹಸಿರಾಗಿದ್ದಾಗ ಬಂದವರು

ಪುಟ್ಟಿ, ಚಿನ್ನು, ಎದುರು ಕೂತು ಹೇಳಲು ಈ ಅಜ್ಜಿಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಚಳಿಗಾಲ ನಿಮ್ಮ ಅಪ್ಪನ ಅಮ್ಮ ಮೊರಾಕ್ಕೊದ ಬೆಟ್ಟದೂರಿನಿಂದ ಡಬ್ಲಿನ್ನಿನ ನಮ್ಮ ಮನೆಗೆ ಬಂದಿದ್ದರು. ಹೊರಗಿನವರು ಬರ್ಬರ್ ಎನ್ನುವ ಅವರ ಜನ ತಮ್ಮನ್ನು ಅಮಾಜಿಘ್ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ. ಅವರ ಗಲ್ಲದ ಮೇಲೆ ಹಚ್ಚೆ ಇತ್ತು. ನಾನು ಮುಂಗೈ ಚಾಚಿ, ಚಿಕ್ಕಂದಿನಲ್ಲಿ ಹಾಕಿಸಿಕೊಂಡ ನನ್ನ ಹಚ್ಚೆ ತೋರಿಸಿದೆ. ಅದರ ಮೇಲೆ ಬೆರಳಾಡಿಸಿ ನಕ್ಕರು. ಆಮೇಲೆ ಅಡುಗೆಮನೆಯಲ್ಲಿ ನಮ್ಮಿಬ್ಬರದೇ ರಾಜ್ಯ.

ಒಂದು ಸಂಜೆ, ಪುಟ್ಟಿ, ನೀನು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಅತ್ತೆ. ತಮ್ಮವರು ಎಲ್ಲಿಂದ ಬಂದರೆಂದು ಮರುದಿನ ಪ್ರತಿ ಮಗುವೂ ನಕ್ಷೆಯ ಮೇಲೆ ಚುಕ್ಕೆ ಅಂಟಿಸಬೇಕಿತ್ತು.

“ಎಲ್ಲರಿಗೂ ಒಂದೇ ಚುಕ್ಕೆ. ಐ ಆಮ್ ಓನ್ಲಿ ಹಾಫ್ ಹಾಫ್! ನಾಳೆ ಸ್ಕೂಲಿಗೆ ಹೋಗಲ್ಲ.”

ನಿಮ್ಮ ಅಪ್ಪ ಅದನ್ನು ತಮ್ಮ ಅಮ್ಮನಿಗೆ ತಿಳಿಸಿದಾಗ ಬೀಗಿತ್ತಿ ಜೋರಾಗಿ ನಕ್ಕು ಏನೋ ಅಂದರು. ನಿಮ್ಮ ಅಮ್ಮ ನನಗೆ ಕನ್ನಡದಲ್ಲಿ ಹೇಳಿದಳು: “ನಮಗೆ ಒಂದೇ ಚುಕ್ಕೆನಾ? ನಮ್ಮ ಆಡುಗಳೂ ಒಪ್ಪಲ್ಲ ಅಂತಿದಾರೆ ಕಣಮ್ಮ.”

ಅಪ್ಪ ನಿನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದು ಮಳೆಗೆ ಹಸಿರಾಗಿದ್ದ ಗುಡ್ಡ ತೋರಿಸಿದರು. ಸಹಾರಾ ಮರುಭೂಮಿಯೂ ಒಂದು ಕಾಲಕ್ಕೆ ಹಾಗೇ ಇತ್ತಂತೆ. ಕೆರೆ, ಹುಲ್ಲು, ಬಂಡೆಗಳ ಮೇಲೆ ಜನ ಬರೆದಿಟ್ಟ ದನಗಳು. ಅಮಾಜಿಘ್ ಜನರ ಪೂರ್ವಿಕರಲ್ಲಿ ಕೆಲವರು ತೀರಾ ಹಿಂದಿನಿಂದಲೂ ಅಲ್ಲೇ ಬೇಟೆಯಾಡಿಕೊಂಡಿದ್ದವರು. ಕೆಲವರು ಪೂರ್ವದಿಂದ ಆಡು ಕುರಿ ಹೊಡೆದುಕೊಂಡು ಬಂದವರು, ಇನ್ನು ಕೆಲವರು ಸಮುದ್ರ ದಾಟಿದವರು. ಮಳೆ ಕೈಕೊಟ್ಟು ನೆಲ ಒಣಗಿದಾಗ ಎಷ್ಟೋ ಜನ ನೀರಿದ್ದ ಕಡೆ, ಬೆಟ್ಟಗಳ ಕಡೆ ನಡೆದರು.

“ಸೋ, ಅವರೂ ಮಿಕ್ಸಾ?” ಎಂದೆ ನೀನು, ಮೂಗೊರೆಸಿಕೊಳ್ಳುತ್ತ.

“ಆಲ್ವೇಸ್,” ಎಂದರು ಅಪ್ಪ.

ಬೀಗರ ಮುಂದೆ ಬಾಯಿ ತೆರೆದು ನನಗೆ ಅಭ್ಯಾಸವಿಲ್ಲ. ಆದರೂ ಅಂದು ಹೇಳಿಬಿಟ್ಟೆ: “ನಮ್ಮೋರೂ ಅಷ್ಟೇ ಮಗಾ. ದನ ಹೊಡ್ಕೊಂಡು ನೀರು ಕಂಡಲ್ಲಿ ನಿಂತೋರು. ಅದಕ್ಕೂ ಮುಂಚೆ ಎಲ್ಲಿದ್ರೋ, ಕೇಳೋಣ ಅಂದ್ರೆ ಒಬ್ರೂ ಉಳಿದಿಲ್ಲ!”

ನಿಮ್ಮ ಅಮ್ಮ ಅದನ್ನು ಅವರ ಮಾತಿಗೆ ದಾಟಿಸಿದಾಗ ಬೀಗಿತ್ತಿ ನನ್ನ ಬೆನ್ನು ತಟ್ಟಿದರು.

ಮರುದಿನ ನೀನು ಶಾಲೆಗೆ ಹೋದೆ. ಸಂಜೆ ಬಾಗಿಲಲ್ಲೇ ಕೂಗಿದೆ: “ಅಜ್ಜಿ, ಸ್ಟಿಕರ್ಸ್ ಸಾಕಾಗ್ಲೇ ಇಲ್ಲ! ಟೀಚರ್ ಇನ್ನೊಂದು ಶೀಟ್ ಕೊಟ್ರು.”

ಚಿನ್ನು, ನೀನಾಗ ಇನ್ನೂ ಅಂಬೆಗಾಲಿಡುತ್ತಿದ್ದೆ. ನಿನ್ನ ಮುಂದೆಯೂ ಯಾರಾದರೂ ನಕ್ಷೆ ಹಿಡಿಯುತ್ತಾರೆ. ಅಲ್ಲಿಯತನಕ ಅಕ್ಕ ತಮ್ಮ ಇಬ್ಬರೂ ಸೇರಿ ಈ ಹಾಳೆಗಳನ್ನು ಹರಿಯದ ಹಾಗೆ, ನೀರು ತಾಗದ ಹಾಗೆ ಎತ್ತಿಟ್ಟುಕೊಳ್ಳಿ.